ಮನೆಯೊಳಗಿನ ಪಿಸ್ತೂಲು, ಅದರ ಮೇಲಿನ ಬೀಗ

ಅಮೆರಿಕದ ರಾಜಧಾನಿ ವಾಷಿಂಗ್ಟನ್ ಡಿ.ಸಿ.ಯ ನಗರ ಮಂಡಳಿ 1976ರಲ್ಲಿ ಬಂದೂಕುಗಳ ಬಗ್ಗೆ ಬಿಗಿಯಾದ ಕಾನೂನೊಂದನ್ನು ಮಾಡಿತು. ಅಲ್ಲಿನ ವ್ಯವಸ್ಥೆಯಲ್ಲಿ ನಮಗೆ ಬೇಕಾದ ನಿಯಮಗಳು ಮೂರು. ಮೊದಲನೆಯದು: ನಗರದಲ್ಲಿರುವ ಪ್ರತಿ ಬಂದೂಕೂ ಪೊಲೀಸರಲ್ಲಿ ನೋಂದಣಿಯಾಗಬೇಕು, ಆದರೆ ಪಿಸ್ತೂಲು, ರಿವಾಲ್ವರ್‌ಗಳಿಗೆ ಹೊಸ ನೋಂದಣಿ ಸಿಗುವುದಿಲ್ಲ; ಕಾನೂನು ಬರುವ ಮುಂಚೆ ನೋಂದಣಿಯಾಗಿದ್ದವು ಮಾತ್ರ ಉಳಿಯುತ್ತವೆ. ಎರಡನೆಯದು: ರೈಫಲ್, ಶಾಟ್‌ಗನ್ ಥರದ ಉದ್ದ ಬಂದೂಕು ಸೇರಿದಂತೆ ನೋಂದಣಿಯಾದ ಯಾವ ಬಂದೂಕನ್ನೂ ಮನೆಯಲ್ಲಿ ಇಟ್ಟುಕೊಳ್ಳಬಹುದು, ಆದರೆ ಗುಂಡು ತೆಗೆದು ಭಾಗಗಳನ್ನು ಬಿಚ್ಚಿಡಬೇಕು, ಇಲ್ಲವೇ ಟ್ರಿಗರ್‌ಗೆ ಬೀಗ ಹಾಕಬೇಕು. ಮೂರನೆಯದು: ಪರವಾನಗಿ ಇಲ್ಲದೆ ಪಿಸ್ತೂಲನ್ನು ಎಲ್ಲಿಯೂ ಒಯ್ಯುವಂತಿಲ್ಲ, ಸ್ವಂತ ಮನೆಯಲ್ಲಿ ಒಂದು ಕೋಣೆಯಿಂದ ಇನ್ನೊಂದಕ್ಕೆ ಕೂಡ. ಪೊಲೀಸ್ ಮುಖ್ಯಸ್ಥರು ಮನಸ್ಸು ಮಾಡಿದರೆ ಒಂದು ವರ್ಷದ ಪರವಾನಗಿ ಕೊಡಬಹುದಿತ್ತು.

ಬಿಡಿಬಿಡಿಯಾಗಿ ಓದಿದರೆ ಒಂದೊಂದು ನಿಯಮಕ್ಕೂ ಒಂದು ಕಾರಣ ಕಾಣುತ್ತದೆ. ಒಟ್ಟಿಗೆ ಓದಿದಾಗ ಬೇರೆಯೇ ಚಿತ್ರ ಬರುತ್ತದೆ. ರಾತ್ರಿ ಎರಡು ಗಂಟೆಗೆ ಯಾರೋ ಹಿಂಬಾಗಿಲು ಒಡೆಯುತ್ತಿದ್ದರೆ, ಆ ಗಳಿಗೆಯಲ್ಲಿ ಕೈಗೆ ತೆಗೆದುಕೊಂಡು ಬಳಸಬಹುದಾದ ಕಾನೂನುಬದ್ಧ ಬಂದೂಕು ಮನೆಯಲ್ಲಿ ಇರಲು ಸಾಧ್ಯವೇ ಇರಲಿಲ್ಲ. ಎರಡನೆಯ ನಿಯಮಕ್ಕೆ ವಿನಾಯಿತಿಗಳಿದ್ದವು. ಅಂಗಡಿ, ಕಚೇರಿಯಂಥ ವ್ಯವಹಾರದ ಸ್ಥಳದಲ್ಲಿ ಬೀಗ ಬೇಡ, ಕಾನೂನುಬದ್ಧ ಮನರಂಜನೆಗೆ ಬಳಸುವಾಗಲೂ ಬೇಡ. ಆತ್ಮರಕ್ಷಣೆಗೆ ಮಾತ್ರ ವಿನಾಯಿತಿ ಬರೆದಿರಲಿಲ್ಲ. ಗಲ್ಲಾಪೆಟ್ಟಿಗೆ ಕಾಯುವವನಿಗೆ ಸಿಕ್ಕ ಅವಕಾಶ ಮಕ್ಕಳು ಮಲಗಿರುವ ಕೋಣೆಯನ್ನು ಕಾಯುವವನಿಗೆ ಸಿಗಲಿಲ್ಲ. ಮುಂದೆ ಸುಪ್ರೀಂ ಕೋರ್ಟಿನಲ್ಲಿ ನಗರದ ವಾದ ಕುಸಿದ ಕಡೆಗಳಲ್ಲಿ ಇದೂ ಒಂದು.

2003ರಲ್ಲಿ ಆರು ಮಂದಿ ನಿವಾಸಿಗಳು ಈ ಕಾನೂನನ್ನು ಪ್ರಶ್ನಿಸಿದರು. ಕೊನೆಯವರೆಗೆ ಉಳಿದದ್ದು ಒಬ್ಬರೇ, ಡಿಕ್ ಹೆಲ್ಲರ್. ಅವರು ವಿಶೇಷ ಪೊಲೀಸ್ ಅಧಿಕಾರಿ. ಹಗಲು ಫೆಡರಲ್ ನ್ಯಾಯಾಂಗದ ಕಚೇರಿ ಕಟ್ಟಡವೊಂದರ ಕಾವಲಿಗೆ ಸೊಂಟದಲ್ಲಿ ಪಿಸ್ತೂಲು ಇಟ್ಟುಕೊಂಡೇ ನಿಲ್ಲುತ್ತಿದ್ದವರು, ಸಂಜೆ ಮನೆಗೆ ಬರಿಗೈಯಲ್ಲಿ ಹೋಗಬೇಕಿತ್ತು. ಆದರೆ ಅವರು ಉಳಿದದ್ದು ಈ ವೈರುಧ್ಯದಿಂದಲ್ಲ, ಒಂದು ಕಾಗದದಿಂದ. ಅವರು ಪಿಸ್ತೂಲು ನೋಂದಣಿಗೆ ಅರ್ಜಿ ಹಾಕಿದ್ದರು, ನಗರ ಅದನ್ನು ತಿರಸ್ಕರಿಸಿತ್ತು. ಉಳಿದ ಐವರು ಅರ್ಜಿಯನ್ನೇ ಹಾಕದೆ, ಕಾನೂನು ತಮ್ಮನ್ನು ತಡೆಯುತ್ತಿದೆ ಎಂದಷ್ಟೇ ಹೇಳಿದ್ದರು. ನಿಜವಾಗಿ ತೊಂದರೆಯಾಗಿದೆ ಎಂದು ತೋರಿಸದವರಿಗೆ ದಾವೆ ಹೂಡುವ ಹಕ್ಕಿಲ್ಲ ಎಂದು ಮೇಲ್ಮನವಿ ನ್ಯಾಯಾಲಯ ಅವರನ್ನು ಕೈಬಿಟ್ಟಿತು. ಅಮೆರಿಕದ ನಗರ ನಿಯಮವೊಂದನ್ನು ಪ್ರಶ್ನಿಸಲು ಹೊರಟವರು ಮೊದಲು ಅರ್ಜಿ ಹಾಕಿ ‘ಇಲ್ಲ’ ಎಂಬ ಉತ್ತರವನ್ನು ಬರಹದಲ್ಲಿ ಪಡೆಯುವುದು ಇದೇ ಕಾರಣಕ್ಕೆ.

2008ರ ಜೂನ್ 26ರಂದು ಸುಪ್ರೀಂ ಕೋರ್ಟ್ 5-4 ಬಹುಮತದಿಂದ ಹೆಲ್ಲರ್ ಪರ ತೀರ್ಪು ಕೊಟ್ಟಿತು. ಬಹುಮತದ ತೀರ್ಪು ಬರೆದವರು ನ್ಯಾಯಮೂರ್ತಿ ಆ್ಯಂಟನಿನ್ ಸ್ಕಲಿಯಾ.

ತೀರ್ಪಿನ ಅರ್ಧಕ್ಕಿಂತ ಹೆಚ್ಚು ಪುಟ ಹೋಗಿರುವುದು ಒಂದೇ ಒಂದು ವಾಕ್ಯದ ಅರ್ಥ ಬಿಡಿಸುವುದಕ್ಕೆ. ಸಂವಿಧಾನದ ಎರಡನೆಯ ತಿದ್ದುಪಡಿ 1791ರದು, ಇಂಗ್ಲಿಷಿನಲ್ಲಿ ಬರೀ 27 ಪದ. ಅದರ ಮೊದಲ ಭಾಗ ಸುವ್ಯವಸ್ಥಿತ ನಾಗರಿಕ ಸೇನೆ ಸ್ವತಂತ್ರ ರಾಜ್ಯದ ಭದ್ರತೆಗೆ ಅಗತ್ಯ ಎನ್ನುತ್ತದೆ. ಎರಡನೆಯ ಭಾಗ ಶಸ್ತ್ರ ಇಟ್ಟುಕೊಳ್ಳುವ, ಧರಿಸುವ ಜನರ ಹಕ್ಕಿಗೆ ಭಂಗ ಬರಬಾರದು ಎನ್ನುತ್ತದೆ. ಮೊದಲ ಭಾಗ ಎರಡನೆಯದನ್ನು ಕಟ್ಟಿಹಾಕುತ್ತದೆಯೇ, ಅಂದರೆ ಹಕ್ಕು ಸೇನೆಗೆ ಸಂಬಂಧಪಟ್ಟಾಗ ಮಾತ್ರವೇ? ಅಥವಾ ಅದು ಬರೀ ಪೀಠಿಕೆಯೇ? ಪೀಠಿಕೆ ಉದ್ದೇಶವೊಂದನ್ನು ಹೇಳುತ್ತದೆ, ಹಕ್ಕು ಮಾತ್ರ ಪ್ರತಿಯೊಬ್ಬ ವ್ಯಕ್ತಿಯದು, ಅದರ ತಿರುಳು ಆತ್ಮರಕ್ಷಣೆ ಎಂದು ಬಹುಮತ ಹೇಳಿತು. ನ್ಯಾಯಮೂರ್ತಿ ಜಾನ್ ಪಾಲ್ ಸ್ಟೀವನ್ಸ್ ಭಿನ್ನಮತದಲ್ಲಿ ಇದನ್ನು ಒಪ್ಪಲಿಲ್ಲ. ಶಸ್ತ್ರ ಧರಿಸುವುದು ಎಂಬ ಮಾತಿಗೆ ಆ ಕಾಲದಲ್ಲಿದ್ದದ್ದು ಸೈನಿಕ ಅರ್ಥ ಎಂಬುದು ಅವರ ವಾದ. ಇತಿಹಾಸಕಾರರು ಈಗಲೂ ಈ ವಿಚಾರದಲ್ಲಿ ಒಂದಾಗಿಲ್ಲ.

ಉದ್ದ ಬಂದೂಕಿಗೆ ಅವಕಾಶ ಇದೆಯಲ್ಲ, ಪಿಸ್ತೂಲೇ ಏಕೆ ಬೇಕು ಎಂದು ನಗರ ಕೇಳಿತ್ತು. ಕೋರ್ಟಿನ ಉತ್ತರ ಬಹಳ ನೆಲದ ಮಟ್ಟದ್ದು. ಪಿಸ್ತೂಲನ್ನು ಕೈಗೆ ಬೇಗ ಸಿಗುವ ಜಾಗದಲ್ಲಿ ಇಡಬಹುದು. ದಾಳಿ ಮಾಡುವವನು ಅದನ್ನು ಕಿತ್ತುಕೊಳ್ಳುವುದು ಅಥವಾ ಬೇರೆ ಕಡೆ ತಿರುಗಿಸುವುದು ಕಷ್ಟ. ಉದ್ದ ಬಂದೂಕನ್ನು ಎತ್ತಿ ಗುರಿ ಹಿಡಿಯುವಷ್ಟು ತೋಳ್ಬಲ ಇಲ್ಲದವರಿಗೂ ಅದು ನಿಲುಕುತ್ತದೆ. ಒಂದು ಕೈಯಲ್ಲಿ ಹಿಡಿದು ಇನ್ನೊಂದು ಕೈಯಲ್ಲಿ ಪೊಲೀಸರಿಗೆ ಫೋನ್ ಮಾಡಬಹುದು. ಕಾರಣ ಯಾವುದೇ ಇರಲಿ, ಮನೆಯ ರಕ್ಷಣೆಗೆಂದು ಅಮೆರಿಕನ್ನರು ಹೆಚ್ಚಾಗಿ ಆರಿಸಿಕೊಂಡ ಆಯುಧ ಅದೇ, ಆದ್ದರಿಂದ ಅದನ್ನು ಪೂರ್ತಿಯಾಗಿ ನಿಷೇಧಿಸುವುದು ಸಲ್ಲದು ಎಂದಿತು ಕೋರ್ಟ್.

ಬೀಗದ ಲೆಕ್ಕ

ಡಿ.ಸಿ.ಯ ಪ್ರಕರಣ ನಿಜವಾಗಿ ಅರ್ಥವಾಗಬೇಕಾದರೆ ಪಿಸ್ತೂಲಿಗಿಂತ ಬೀಗವನ್ನು ಹತ್ತಿರದಿಂದ ನೋಡಬೇಕು.

ಟ್ರಿಗರ್ ಲಾಕ್ ಎಂದರೆ ಎರಡು ತುಂಡು. ಟ್ರಿಗರ್‌ನ ಸುತ್ತಲಿನ ಬಳೆಯಂಥ ರಕ್ಷಾಪಟ್ಟಿಯ ಆಚೆ ಒಂದು, ಈಚೆ ಒಂದು ಇಟ್ಟು ಒತ್ತಿದಾಗ ನಡುವಿನ ಕಡ್ಡಿ ಕೂತು ಬೀಗ ಬೀಳುತ್ತದೆ. ಬಿಚ್ಚಲು ಕೀಲಿಯೋ ಮೂರಂಕಿಯ ಸಂಖ್ಯೆಯೋ ಬೇಕು. 2008ರ ಮಾರ್ಚ್ 18ರ ವಿಚಾರಣೆಯಲ್ಲಿ ನಗರದ ಪರ ವಕೀಲ ವಾಲ್ಟರ್ ಡೆಲಿಂಜರ್ ಇದನ್ನು ಬಿಚ್ಚಲು ಮೂರು ಸೆಕೆಂಡು ಸಾಕು ಎಂದರು. ಅದಕ್ಕೆ ಪೀಠದಿಂದ ಬಂದ ಮಾತು: ಹಾಗಾದರೆ ಮೊದಲು ದೀಪ ಹಾಕಬೇಕು, ಓದುವ ಕನ್ನಡಕ ಹುಡುಕಬೇಕು. ಕೋರ್ಟಿನಲ್ಲಿ ನಗು ಹರಡಿತು, ಆದರೆ ವಾದದ ತೂಕ ಅಲ್ಲೇ ಒಂದು ಕಡೆಗೆ ವಾಲಿತು.

ಆ ಮೂರು ಸೆಕೆಂಡಿನ ಲೆಕ್ಕದಲ್ಲಿ ಬಿಟ್ಟುಹೋದದ್ದು ಇನ್ನೊಂದಿದೆ. ಗುಂಡು ತುಂಬಿದ ಬಂದೂಕಿಗೆ ಟ್ರಿಗರ್ ಲಾಕ್ ಹಾಕಬಾರದು, ಏಕೆಂದರೆ ಹಾಕುವಾಗ ಅಥವಾ ತೆಗೆಯುವಾಗ ಆ ಕಡ್ಡಿಯೇ ಟ್ರಿಗರ್ ಒತ್ತಿಬಿಡಬಹುದು. ತಯಾರಕರು ಎಚ್ಚರಿಸುವುದೂ ಇದನ್ನೇ. ಹಾಗಾಗಿ ಬೀಗ ಬಿಚ್ಚಿದ ಮೇಲೆ ಗುಂಡು ತುಂಬುವ ಕೆಲಸ ಬಾಕಿ ಇರುತ್ತದೆ. ಕೇಬಲ್ ಲಾಕ್‌ನಲ್ಲಂತೂ ಉಕ್ಕಿನ ಹಗ್ಗ ಗುಂಡು ಹೋಗುವ ದಾರಿಯಲ್ಲೇ ಹಾದುಹೋಗುತ್ತದೆ. ಅದು ಇರುವಷ್ಟು ಹೊತ್ತು ಗುಂಡು ತುಂಬುವುದೇ ಆಗದು. ಮಕ್ಕಳಿರುವ ಮನೆಗೆ ಇದು ಒಳ್ಳೆಯ ಗುಣ, ಗಾಬರಿಯ ರಾತ್ರಿಗೆ ಕೆಟ್ಟ ಗುಣ. ಹಾಸಿಗೆಯ ಪಕ್ಕದಲ್ಲಿ ಗೋಡೆಗೋ ಕಪಾಟಿಗೋ ಬಿಗಿದ ಸಣ್ಣ ಉಕ್ಕಿನ ಪೆಟ್ಟಿಗೆ ಮೂರನೆಯ ದಾರಿ. ನಾಲ್ಕೈದು ಗುಂಡಿಗಳನ್ನು ಕತ್ತಲಲ್ಲೂ ಬೆರಳ ನೆನಪಿನಿಂದ ಒತ್ತಿದರೆ ತೆರೆದುಕೊಳ್ಳುತ್ತದೆ, ಒಳಗೆ ಪಿಸ್ತೂಲು ಸಿದ್ಧವಾಗಿಯೇ ಇರಬಹುದು. ಇದರಲ್ಲಿ ಕೈಕೊಡುವುದು ಹೆಚ್ಚಾಗಿ ಬ್ಯಾಟರಿ. ಬೆರಳಚ್ಚು ಓದುವ ಪೆಟ್ಟಿಗೆಯಾದರೆ ಬೆವರಿದ, ಒದ್ದೆಯಾದ ಬೆರಳನ್ನು ಗುರುತಿಸದೆಯೂ ಹೋಗಬಹುದು. ಬದಲಿ ಕೀಲಿಯನ್ನು ಪೆಟ್ಟಿಗೆಯ ಮೇಲೆಯೇ ಇಟ್ಟರೆ ಪೆಟ್ಟಿಗೆ ಇದ್ದೂ ಇಲ್ಲದಂತೆ.

ಈ ವ್ಯತ್ಯಾಸ ಗೊತ್ತಿದ್ದರೆ ಸ್ಯಾನ್ ಫ್ರಾನ್ಸಿಸ್ಕೋದ ಕಥೆ ಸುಲಭವಾಗಿ ತಿಳಿಯುತ್ತದೆ. ಅಲ್ಲಿಯೂ ಮನೆಯೊಳಗಿನ ಪಿಸ್ತೂಲಿಗೆ ಬೀಗದ ನಿಯಮ ಇದೆ: ಬೀಗ ಹಾಕಿದ ಪೆಟ್ಟಿಗೆಯಲ್ಲಿಡಬೇಕು ಅಥವಾ ಟ್ರಿಗರ್ ಲಾಕ್ ಹಾಕಬೇಕು. ಆದರೆ ವಯಸ್ಕರು ಅದನ್ನು ಮೈಮೇಲೆ ಧರಿಸಿರುವಷ್ಟು ಹೊತ್ತು ನಿಯಮ ಅನ್ವಯಿಸುವುದಿಲ್ಲ. ಪೆಟ್ಟಿಗೆಯೊಳಗಿನ ಪಿಸ್ತೂಲಿನಿಂದ ಗುಂಡು ತೆಗೆದಿರಬೇಕು ಎಂದೂ ಇಲ್ಲ. ಒಂಬತ್ತನೆಯ ಸರ್ಕ್ಯೂಟ್ ಮೇಲ್ಮನವಿ ನ್ಯಾಯಾಲಯ 2014ರಲ್ಲಿ ಈ ನಿಯಮಕ್ಕೆ ತಡೆ ಕೊಡಲು ಒಪ್ಪಲಿಲ್ಲ. 2015ರಲ್ಲಿ ಸುಪ್ರೀಂ ಕೋರ್ಟ್ ಪ್ರಕರಣವನ್ನು ಕೈಗೆತ್ತಿಕೊಳ್ಳಲಿಲ್ಲ. ನ್ಯಾಯಮೂರ್ತಿ ಕ್ಲಾರೆನ್ಸ್ ಥಾಮಸ್ ಅದಕ್ಕೆ ಅಸಮ್ಮತಿ ಬರೆದರು, ಸ್ಕಲಿಯಾ ಮಾತ್ರ ಅವರ ಜೊತೆಯಾದರು. ಹೆಲ್ಲರ್ ತೀರ್ಪಿನಲ್ಲಿ ಡಿ.ಸಿ.ಯ ಬೀಗ ಬಿತ್ತು, ಸ್ಯಾನ್ ಫ್ರಾನ್ಸಿಸ್ಕೋದ ಬೀಗ ಉಳಿಯಿತು. ಎರಡರ ನಡುವಿನ ಅಂತರ ಇಷ್ಟೇ: ಒಂದು ಆಯುಧವನ್ನು ಯಾವ ಹೊತ್ತಿನಲ್ಲೂ ನಿಷ್ಕ್ರಿಯವಾಗಿಡು ಎನ್ನುತ್ತಿತ್ತು, ಇನ್ನೊಂದು ನೀನು ಕಾಯದಿರುವಾಗ ಬೀಗ ಕಾಯಲಿ ಎನ್ನುತ್ತದೆ.

ನಮ್ಮ ಮಟ್ಟಿಗೆ ಎರಡನೆಯದು ನ್ಯಾಯವಾದ ನಿಯಮ. ಅಮೆರಿಕದಲ್ಲಿ ಬಂದೂಕಿನಿಂದ ಸಾಯುವವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಸಾಯುವುದು ಆತ್ಮಹತ್ಯೆಯಿಂದ. ಡ್ರಾಯರ್‌ನಲ್ಲಿ ಬಿಡಿಯಾಗಿ ಬಿದ್ದಿರುವ ಪಿಸ್ತೂಲು ಕಳ್ಳನಿಗಿಂತ ಮೊದಲು ಮನೆಯವರ ಕೈಗೆ ಸಿಗುತ್ತದೆ, ಅದೂ ಅವರ ಬದುಕಿನ ತೀರಾ ಕೆಟ್ಟ ದಿನದಲ್ಲಿ. ಹೆಲ್ಲರ್ ಪ್ರಕರಣದ ಇನ್ನೊಂದು ಭಿನ್ನಮತದಲ್ಲಿ ನ್ಯಾಯಮೂರ್ತಿ ಸ್ಟೀಫನ್ ಬ್ರೆಯರ್ ಇಂಥ ಅಪಾಯಗಳನ್ನೇ ತೂಗಿ ನೋಡಿದ್ದರು. ಬಾಸ್ಟನ್ ನಗರದ 1783ರ ನಿಯಮವೊಂದನ್ನೂ ಅವರು ಎತ್ತಿ ತೋರಿಸಿದರು. ಮದ್ದುಗುಂಡು ತುಂಬಿದ ಕೋವಿಯನ್ನು ಮನೆಯೊಳಗೆ ತರಬಾರದು ಎನ್ನುವ ಆ ನಿಯಮದ ಹಿಂದಿದ್ದದ್ದು ಬೆಂಕಿಯ ಭಯ: ಮರದ ಮನೆಗಳಿಗೆ ಬೆಂಕಿ ಬಿದ್ದಾಗ ಆರಿಸಲು ನುಗ್ಗಿದವರ ಮೇಲೆ ತುಂಬಿದ ಕೋವಿ ತಾನೇ ಸಿಡಿಯುತ್ತಿತ್ತು. ಅದು ಅಗ್ನಿ ಸುರಕ್ಷತೆಯ ನಿಯಮ, ಆತ್ಮರಕ್ಷಣೆಯನ್ನು ತಡೆಯುವ ನಿಯಮವಲ್ಲ ಎಂದು ಬಹುಮತ ಅದನ್ನು ಪಕ್ಕಕ್ಕಿಟ್ಟಿತು.

ತೀರ್ಪು ಮುಟ್ಟದೆ ಬಿಟ್ಟದ್ದು

ಹೆಲ್ಲರ್ ತೀರ್ಪನ್ನು ‘ಬಂದೂಕಿಗೆ ಇನ್ನು ಯಾವ ಕಟ್ಟುಪಾಡೂ ಇಲ್ಲ’ ಎಂದು ಓದುವವರು ಅದನ್ನು ಕೊನೆಯವರೆಗೆ ಓದಿಲ್ಲ. ಗಂಭೀರ ಅಪರಾಧದಲ್ಲಿ ಶಿಕ್ಷೆಯಾದವರು ಮತ್ತು ಮಾನಸಿಕ ಅಸ್ವಸ್ಥರು ಬಂದೂಕು ಹೊಂದಬಾರದೆಂಬ ನಿಯಮ, ಶಾಲೆ ಮತ್ತು ಸರ್ಕಾರಿ ಕಟ್ಟಡಗಳಂಥ ಸೂಕ್ಷ್ಮ ಜಾಗಗಳ ನಿರ್ಬಂಧ, ಮಾರಾಟದ ಮೇಲಿನ ಷರತ್ತು, ಇವುಗಳ ಬಗ್ಗೆ ತೀರ್ಪು ಸಂಶಯ ಹುಟ್ಟಿಸುವುದಿಲ್ಲ ಎಂದು ಸ್ಕಲಿಯಾ ಸ್ಪಷ್ಟವಾಗಿ ಬರೆದಿದ್ದಾರೆ. ಅಪಾಯಕಾರಿಯೂ ಅಸಾಮಾನ್ಯವೂ ಆದ ಆಯುಧಗಳಿಗೆ ರಕ್ಷಣೆ ಇಲ್ಲ ಎಂದೂ ಇದೆ.

ಹಾಗಾಗಿ ನಿಜವಾದ ಜಗಳ ಶುರುವಾದದ್ದು ಆಮೇಲೆಯೇ. ನಿಷೇಧ ಹೋಯಿತು ಸರಿ, ಆದರೆ ನೋಂದಣಿಯ ದಾರಿಯಲ್ಲಿ ಎಷ್ಟು ಮುಳ್ಳು ಹಾಸಬಹುದು? ಡಿ.ಸಿ. ಮೊದಲಿಗೆ ರಿವಾಲ್ವರ್‌ಗಷ್ಟೇ ಬಾಗಿಲು ತೆರೆಯಿತು. ಮತ್ತೆ ಗುಂಡು ತುಂಬದೆ 12ಕ್ಕಿಂತ ಹೆಚ್ಚು ಸಲ ಹಾರಿಸಬಲ್ಲ ಅರೆಸ್ವಯಂಚಾಲಿತ ಬಂದೂಕು ಅಲ್ಲಿನ ಕಾನೂನಿನ ಪ್ರಕಾರ ಮಷಿನ್ ಗನ್! ಮ್ಯಾಗಜೀನ್ ಬದಲಿಸಬಹುದಾದ ಸಾಮಾನ್ಯ ಪಿಸ್ತೂಲುಗಳೂ ಅದರಡಿ ಸಿಕ್ಕಿಬಿದ್ದವು. ಈ ವ್ಯಾಖ್ಯೆ ಹೆಚ್ಚು ಕಾಲ ನಿಲ್ಲಲಿಲ್ಲ. ಮುಂದೆ 2015ರಲ್ಲಿ ಮೇಲ್ಮನವಿ ನ್ಯಾಯಾಲಯ ನೋಂದಣಿಯ ಷರತ್ತುಗಳನ್ನು ಒಂದೊಂದಾಗಿ ಜರಡಿ ಹಿಡಿಯಿತು. ಖುದ್ದಾಗಿ ಹಾಜರಾಗುವುದು, ಬೆರಳಚ್ಚು, ಭಾವಚಿತ್ರ, ಶುಲ್ಕ, ಸುರಕ್ಷತಾ ತರಬೇತಿ ಉಳಿದವು. ಬಂದೂಕನ್ನೇ ಕಚೇರಿಗೆ ಹೊತ್ತು ತರಬೇಕು, ಮೂರು ವರ್ಷಕ್ಕೊಮ್ಮೆ ಮರುನೋಂದಣಿ ಮಾಡಿಸಬೇಕು, ನಗರದ ಬಂದೂಕು ಕಾನೂನಿನ ಬಗ್ಗೆ ಪರೀಕ್ಷೆ ಪಾಸಾಗಬೇಕು, 30 ದಿನಕ್ಕೆ ಒಂದೇ ಪಿಸ್ತೂಲು ಎಂಬ ನಾಲ್ಕು ಬಿದ್ದುಹೋದವು. ಜರಡಿಯ ಕಣ್ಣು ಯಾವುದೆಂದು ಗಮನಿಸಿ. ನಿಯಮ ಸುರಕ್ಷತೆಯನ್ನು ನಿಜಕ್ಕೂ ಹೆಚ್ಚಿಸುತ್ತದೆ ಎಂದು ನಗರ ಸಾಕ್ಷ್ಯ ತೋರಿಸಿದ ಕಡೆ ಅದು ಗೆದ್ದಿತು, ಊಹೆಯ ಮೇಲೆ ನಿಂತ ಕಡೆ ಸೋತಿತು.

ಡಿ.ಸಿ. ಯಾವ ರಾಜ್ಯಕ್ಕೂ ಸೇರದ ಫೆಡರಲ್ ಪ್ರದೇಶ. ಎರಡನೆಯ ತಿದ್ದುಪಡಿ ಅಲ್ಲಿ ನೇರವಾಗಿ ಅನ್ವಯಿಸುತ್ತದೆ. ರಾಜ್ಯಗಳೊಳಗಿನ ನಗರಗಳಿಗೂ ಅನ್ವಯಿಸುತ್ತದೆಯೇ ಎಂಬುದು ಉಳಿದ ಪ್ರಶ್ನೆಯಾಗಿತ್ತು. ಅದನ್ನು ಕೇಳಿದ್ದು ಷಿಕಾಗೋ. ಆ ನಗರ 1982ರಿಂದ ಪಿಸ್ತೂಲಿಗೆ ಹೊಸ ನೋಂದಣಿ ನಿಲ್ಲಿಸಿತ್ತು. ಮನೆಗೆ ಕಳ್ಳರು ನುಗ್ಗಿದ್ದ, ಎಪ್ಪತ್ತು ದಾಟಿದ್ದ ಓಟಿಸ್ ಮೆಕ್‌ಡೊನಾಲ್ಡ್ ಹೂಡಿದ ದಾವೆಯಲ್ಲಿ 2010ರ ಜೂನ್ 28ರಂದು ಮತ್ತೆ 5-4 ತೀರ್ಪು ಬಂತು: 1868ರ ಹದಿನಾಲ್ಕನೆಯ ತಿದ್ದುಪಡಿಯ ಮೂಲಕ ಈ ಹಕ್ಕು ರಾಜ್ಯಗಳಿಗೂ ನಗರಗಳಿಗೂ ಅನ್ವಯಿಸುತ್ತದೆ.

ಷಿಕಾಗೋ ನಾಲ್ಕೇ ದಿನಗಳಲ್ಲಿ ಹೊಸ ನಿಯಮ ತಂದಿತು. ಒಂದು ಹಕ್ಕನ್ನು ಕಾಗದದ ಮೇಲೆ ಕೊಟ್ಟು ಕೈಗೆ ಸಿಗದಂತೆ ಮಾಡುವುದು ಹೇಗೆಂದು ತಿಳಿಯಲು ಅದನ್ನು ಓದಬೇಕು. ಪಿಸ್ತೂಲು ಮನೆಯೊಳಗೆ ಮಾತ್ರ; ಮನೆ ಎಂದರೆ ನಾಲ್ಕು ಗೋಡೆಯ ಒಳಗೆ, ಜಗಲಿ, ಮೆಟ್ಟಿಲು, ಗ್ಯಾರೇಜು, ಹಿತ್ತಲು ಸೇರುವುದಿಲ್ಲ. ಪರವಾನಗಿಗೆ ತರಬೇತಿ ಬೇಕು, ಅದರಲ್ಲಿ ಒಂದು ಗಂಟೆ ಶೂಟಿಂಗ್ ರೇಂಜ್‌ನಲ್ಲಿ ಅಭ್ಯಾಸ ಮಾಡಿರಬೇಕು. ಆದರೆ ನಗರದೊಳಗೆ ಸಾರ್ವಜನಿಕರಿಗೆ ಶೂಟಿಂಗ್ ರೇಂಜ್ ನಡೆಸುವುದಕ್ಕೇ ನಿಷೇಧ! ಈಜು ಕಲಿತವರಿಗೆ ಮಾತ್ರ ಪ್ರವೇಶ ಎಂದು ಬೋರ್ಡು ಹಾಕಿ ಊರಿನ ಕೆರೆಗಳನ್ನೆಲ್ಲ ಮುಚ್ಚಿದಂತೆ. 2011ರಲ್ಲಿ ಏಳನೆಯ ಸರ್ಕ್ಯೂಟ್ ನ್ಯಾಯಾಲಯ ಈ ನಿಷೇಧವನ್ನು ತಡೆಯಿತು. ನಗರದೊಳಗೆ ಬಂದೂಕು ಮಾರಾಟಕ್ಕಿದ್ದ ನಿಷೇಧವೂ 2014ರ ಜನವರಿಯಲ್ಲಿ ಬಿತ್ತು.

ಎಷ್ಟೋ ನಗರಗಳಲ್ಲಿ ಈ ಪ್ರಶ್ನೆ ಸಂವಿಧಾನದವರೆಗೂ ಹೋಗುವುದಿಲ್ಲ. 40ಕ್ಕೂ ಹೆಚ್ಚು ರಾಜ್ಯಗಳು ಬಂದೂಕಿನ ನಿಯಮ ಮಾಡುವ ಅಧಿಕಾರವನ್ನು ಪೂರ್ತಿಯಾಗಿಯೋ ಭಾಗಶಃವೋ ತಮ್ಮಲ್ಲೇ ಇಟ್ಟುಕೊಂಡಿವೆ. ಸ್ಯಾನ್ ಫ್ರಾನ್ಸಿಸ್ಕೋದ ಮತದಾರರು 2005ರಲ್ಲಿ ಪಿಸ್ತೂಲು ನಿಷೇಧಕ್ಕೆ ಒಪ್ಪಿಗೆ ಕೊಟ್ಟರೂ ಅದು ಕ್ಯಾಲಿಫೋರ್ನಿಯಾ ರಾಜ್ಯದ ಕಾನೂನಿಗೆ ಅಡ್ಡ ಬರುತ್ತದೆಂದು ಅಲ್ಲಿನ ನ್ಯಾಯಾಲಯಗಳೇ ತಳ್ಳಿಹಾಕಿದವು.

ನ್ಯೂಯಾರ್ಕ್ ನಗರದ್ದು ಇನ್ನೊಂದು ಬಗೆ. 1911ರ ಕಾನೂನಿನಿಂದಲೂ ಅಲ್ಲಿ ಪಿಸ್ತೂಲಿಗೆ ಪರವಾನಗಿ ಬೇಕು. ಮನೆಗೆ ಸೀಮಿತವಾದ ಪರವಾನಗಿ ಇದ್ದವರು ಗುಂಡು ತೆಗೆದು, ಬೀಗದ ಪೆಟ್ಟಿಗೆಯಲ್ಲಿಟ್ಟು, ನಗರದೊಳಗಿನ ಏಳು ರೇಂಜ್‌ಗಳಿಗೆ ಮಾತ್ರ ಪಿಸ್ತೂಲು ಒಯ್ಯಬಹುದಿತ್ತು. ನಗರದಾಚೆಯ ತಮ್ಮದೇ ಎರಡನೆಯ ಮನೆಗೂ ಒಯ್ಯುವಂತಿರಲಿಲ್ಲ. ಪ್ರಕರಣ ಸುಪ್ರೀಂ ಕೋರ್ಟ್ ತಲುಪಿದ ಮೇಲೆ ನಗರವೇ ನಿಯಮ ಸಡಿಲಿಸಿತು, 2020ರಲ್ಲಿ ಪ್ರಕರಣ ತೀರ್ಮಾನವಿಲ್ಲದೆ ಮುಗಿಯಿತು. ಎರಡು ವರ್ಷದ ಬಳಿಕ ನ್ಯೂಯಾರ್ಕ್ ರಾಜ್ಯದ್ದೇ ಇನ್ನೊಂದು ಪ್ರಕರಣ, ಬ್ರೂಯೆನ್, ಇಡೀ ಅಳತೆಗೋಲನ್ನೇ ಬದಲಿಸಿತು. ಬೀದಿಯಲ್ಲಿ ಪಿಸ್ತೂಲು ಒಯ್ಯಲು ವಿಶೇಷ ಕಾರಣ ತೋರಿಸಬೇಕೆಂಬ ನಿಯಮ 6-3ರಲ್ಲಿ ಬಿತ್ತು. ಇನ್ನು ಮುಂದೆ ನಗರ ತನ್ನ ಅಂಕಿ-ಅಂಶ ತೋರಿಸಿದರೆ ಸಾಲದು, ಅಂಥ ನಿರ್ಬಂಧ ಅಮೆರಿಕದ ಇತಿಹಾಸದಲ್ಲಿ ಮುಂಚೆಯೂ ಇತ್ತು ಎಂದು ತೋರಿಸಬೇಕು. 2015ರಲ್ಲಿ ಡಿ.ಸಿ.ಯ ನಿಯಮಗಳನ್ನು ಸೋಸಿದ ಜರಡಿ ಹೀಗೆ ಮೂಲೆ ಸೇರಿತು. 2024ರ ರಹೀಮಿ ತೀರ್ಪು ಇದನ್ನು ಸ್ವಲ್ಪ ಸಡಿಲಿಸಿತು: ಹಳೆಯ ಕಾನೂನು ಅಚ್ಚು ಹೊಡೆದಂತೆ ಇರಬೇಕಿಲ್ಲ, ಹಿಂದಿನ ತತ್ವ ಹೊಂದಿದರೆ ಸಾಕು. ಕೌಟುಂಬಿಕ ಹಿಂಸೆಯ ಪ್ರಕರಣದಲ್ಲಿ ಕೋರ್ಟಿನ ನಿರ್ಬಂಧಕ್ಕೆ ಒಳಗಾದವನಿಂದ ಬಂದೂಕು ತೆಗೆದುಕೊಳ್ಳಬಹುದು ಎಂದು 8-1ರಲ್ಲಿ ಅದು ಹೇಳಿತು. ಮನೆಯೊಳಗಿನ ರಕ್ಷಣೆ ಎಂದರೆ ಹೊರಗಿನಿಂದ ಬರುವವನ ವಿರುದ್ಧ ಮಾತ್ರವಲ್ಲ, ಒಳಗಿರುವವನ ವಿರುದ್ಧವೂ ಹೌದು ಎಂಬುದು ಹೆಂಗಸರಿಗೆ ಬಹಳ ಹಿಂದೆಯೇ ಗೊತ್ತಿದ್ದ ವಿಷಯ.

ನಮ್ಮವರಿಗೆ ಸಂಬಂಧಪಟ್ಟದ್ದು

ಬಂದೂಕು ಇಟ್ಟುಕೊಳ್ಳುವ ಹಕ್ಕು ಬೇರೆ, ಅದನ್ನು ಹಾರಿಸುವ ಹಕ್ಕು ಬೇರೆ. ಇದನ್ನು ಬೆರೆಸಿಕೊಂಡರೆ ಅಮೆರಿಕದಲ್ಲೂ ಭಾರತದಲ್ಲೂ ಕಷ್ಟ. ಭಾರತದಲ್ಲಿ ಎರಡನೆಯದು ಕಾನೂನಿನಲ್ಲೇ ಇದೆ: ಭಾರತೀಯ ನ್ಯಾಯ ಸಂಹಿತೆಯ 34ರಿಂದ 44ರವರೆಗಿನ ಕಲಮುಗಳು ಖಾಸಗಿ ರಕ್ಷಣೆಯ ಹಕ್ಕನ್ನು ವಿವರಿಸುತ್ತವೆ. ಸೂರ್ಯಾಸ್ತದಿಂದ ಸೂರ್ಯೋದಯದವರೆಗಿನ ಕನ್ನವನ್ನು ತಡೆಯುವಾಗ ಪ್ರಾಣಹಾನಿಯಾದರೂ, ಅಗತ್ಯಕ್ಕಿಂತ ಹೆಚ್ಚು ಬಲ ಬಳಸಬಾರದು ಎಂಬಂಥ ಮಿತಿಗಳೊಳಗೆ, 41ನೆಯ ಕಲಮು ಕಾಪಾಡುತ್ತದೆ. ಇಲ್ಲದಿರುವುದು ಮೊದಲನೆಯದು. 1959ರ ಶಸ್ತ್ರಾಸ್ತ್ರ ಕಾಯ್ದೆಯಲ್ಲಿ ಬಂದೂಕು ಹಕ್ಕಲ್ಲ, ಪರವಾನಗಿಯ ವಿಷಯ. ನಳಿಗೆಯ ಒಳಗೆ ಸುರುಳಿ ಗೀರಿಲ್ಲದ (ಶಾಟ್‌ಗನ್ ಥರದ), ಕನಿಷ್ಠ 20 ಇಂಚು ಉದ್ದದ ನಳಿಗೆಯ ಬಂದೂಕನ್ನು ರಕ್ಷಣೆಗೆಂದು ಕೇಳಿದವರಿಗೆ ಕಾಯ್ದೆ ಸ್ವಲ್ಪ ಉದಾರ. ಪಿಸ್ತೂಲು ಕೇಳಿದರೆ ಸಕಾರಣ ಇದೆ ಎಂದು ಅಧಿಕಾರಿಗೆ ಮನವರಿಕೆಯಾಗಬೇಕು. ಉದ್ದ ಬಂದೂಕು ಪರವಾಗಿಲ್ಲ, ಪಿಸ್ತೂಲು ಬೇಡ ಎಂಬ ಡಿ.ಸಿ.ಯ ತರ್ಕಕ್ಕೆ ಇದು ಬಹಳ ಹತ್ತಿರ. ಕೊಡಗಿನಲ್ಲಿ ಕೊಡವರಿಗೂ ಜಮ್ಮಾ (ವಂಶಪಾರಂಪರ್ಯ ಭೂಮಿ) ಹಿಡುವಳಿದಾರರಿಗೂ ಪರವಾನಗಿಯಿಂದ ಇರುವ ವಿನಾಯಿತಿ, ಈಗ 2029ರವರೆಗೆ ವಿಸ್ತರಿಸಿರುವುದು, ಬೇರೆ ಬುಡದ್ದು. ಬ್ರಿಟಿಷರ ಕಾಲದಿಂದ ಬಂದ ಈ ವಿನಾಯಿತಿಯ ಹಿಂದಿರುವುದು ಆಯುಧಪೂಜೆಯ ಹಬ್ಬವಾದ ಕೈಲ್‌ಪೊಳ್ದಿನಲ್ಲಿ ಕೋವಿಗೆ ಹೂವಿಟ್ಟು ಪೂಜಿಸುವಂಥ ಶಸ್ತ್ರ ಸಂಪ್ರದಾಯ.

ಅಮೆರಿಕದಲ್ಲಿರುವ ಕನ್ನಡಿಗರು ನಗರದ ನಿಯಮ ಹುಡುಕುವ ಮೊದಲು ತಮ್ಮ ವೀಸಾ ನೋಡಿಕೊಳ್ಳಬೇಕು. ಎಚ್-1ಬಿ, ಎಚ್-4, ಎಫ್-1 ಥರದ ತಾತ್ಕಾಲಿಕ ವೀಸಾದಲ್ಲಿ ಬಂದವರು ಬಂದೂಕು ಮಾತ್ರವಲ್ಲ, ಗುಂಡನ್ನೂ ಹೊಂದುವುದು ಫೆಡರಲ್ ಅಪರಾಧ. 2022ರಿಂದ ಶಿಕ್ಷೆ 15 ವರ್ಷದವರೆಗೆ. ಗಡೀಪಾರಿನ ಭಯ ಬೇರೆ. ಚಾಲ್ತಿಯಲ್ಲಿರುವ ಬೇಟೆ ಪರವಾನಗಿ ಇದ್ದರೆ ಎಂಬಂಥ ಕೆಲವು ವಿನಾಯಿತಿಗಳಿವೆ. ಗ್ರೀನ್ ಕಾರ್ಡ್ ಇದ್ದವರಿಗೆ ಈ ನಿಷೇಧ ಇಲ್ಲ. ಸ್ನೇಹಿತನ ಪಿಸ್ತೂಲನ್ನು ರೇಂಜ್‌ನಲ್ಲಿ ಹತ್ತು ನಿಮಿಷ ಹಿಡಿದದ್ದೂ ಹೊಂದಿರುವುದರ ಲೆಕ್ಕಕ್ಕೇ ಬರಬಹುದು.

ಹೆಚ್ಚು ಮಂದಿ ಎಡವುವುದು ಮನೆಯಲ್ಲೇ. ಹೆಂಡತಿ ಅಮೆರಿಕದ ಪ್ರಜೆ, ಗಂಡ ಎಚ್-1ಬಿ ಎಂದಿಟ್ಟುಕೊಳ್ಳಿ. ಆಕೆ ಕಾನೂನುಬದ್ಧವಾಗಿ ಪಿಸ್ತೂಲು ಕೊಂಡು ಮಲಗುವ ಕೋಣೆಯಲ್ಲಿ ಇಡಬಹುದು. ಆದರೆ ಕಾನೂನಿನ ಕಣ್ಣಲ್ಲಿ ಹೊಂದಿರುವುದು ಎಂದರೆ ಕೈಯಲ್ಲಿ ಹಿಡಿಯುವುದಷ್ಟೇ ಅಲ್ಲ; ವಸ್ತು ಇರುವುದು ಗೊತ್ತಿದ್ದು, ಬೇಕೆಂದಾಗ ಅದನ್ನು ವಶಕ್ಕೆ ತೆಗೆದುಕೊಳ್ಳುವ ಶಕ್ತಿ ಮತ್ತು ಇರಾದೆ ಇದ್ದರೂ ಸಾಕು. ಅಂಥ ಮನೆಯಲ್ಲಿ ಪಿಸ್ತೂಲನ್ನೂ ಗುಂಡನ್ನೂ ಬೀಗದ ಪೆಟ್ಟಿಗೆಯಲ್ಲೇ ಇಡಬೇಕು, ಖರೀದಿಗೆ ಮುಂಚೆಯೇ ವಲಸೆ ವಕೀಲರೊಬ್ಬರನ್ನು ಕೇಳಬೇಕು. ಪೆಟ್ಟಿಗೆಯ ಸಂಖ್ಯೆ ಹೆಂಡತಿಗೆ ಮಾತ್ರ ಗೊತ್ತಿರಬೇಕು, ಬದಲಿ ಕೀಲಿ ಆಕೆಯ ಬಳಿಯೇ ಇರಬೇಕು.